ಚಿಗಟ ನಿವಾರಣೆ: ನಾಯಿ ಮತ್ತು ಮನೆ

ಚಿಗಟ ರೆಕ್ಕೆಯಿಲ್ಲದ, ರಕ್ತ ಕುಡಿದು ಬದುಕುವ ಸಣ್ಣ ಕೀಟ. ಸೈಫನಾಪ್ಟೆರ ಗಣಕ್ಕೆ ಸೇರಿದ ಸುಮಾರು 2,500 ಪ್ರಭೇದಗಳು ಜಗತ್ತಿನಲ್ಲಿವೆ. ಸಾಕುನಾಯಿಯ ಮೈಮೇಲೆ ಸಿಗುವುದು ಬೆರಳೆಣಿಕೆಯಷ್ಟು. ಅದರಲ್ಲೂ ಹೆಚ್ಚಾಗಿ ಕಾಣುವುದು ಬೆಕ್ಕಿನ ಚಿಗಟ (ಕ್ಟೀನೊಸೆಫಲೈಡಿಸ್ ಫೀಲಿಸ್). ನಾಯಿಯ ಹೆಸರು ಹೊತ್ತ ಕ್ಟೀನೊಸೆಫಲೈಡಿಸ್ ಕೇನಿಸ್ ನಾಯಿಯ ಮೇಲೆ ಅದಕ್ಕಿಂತ ವಿರಳ. ಭಾರತ ಮತ್ತು ಆಗ್ನೇಯ ಏಷ್ಯಾದ ನಾಯಿಗಳಲ್ಲಿ ಓರಿಯೆಂಟಿಸ್ ಎಂಬ ಇನ್ನೊಂದು ಬಗೆಯೂ ಸಾಮಾನ್ಯ. ಇವನ್ನು ಒಂದರಿಂದೊಂದು ಬೇರ್ಪಡಿಸಲು ಸೂಕ್ಷ್ಮದರ್ಶಕ ಬೇಕು. ನಿವಾರಣೆಯ ಮಟ್ಟಿಗೆ ಮಾತ್ರ ಮೂರೂ ಒಂದೇ.

ನಾಯಿಗೆ ಸ್ನಾನ ಮಾಡಿಸಿ, ಪುಡಿ ಹಾಕಿ, ವಾರ ಕಳೆಯುವುದರೊಳಗೆ ಮತ್ತೆ ಚಿಗಟ ಕಂಡಿತೆಂದು ಬೇಸರಪಡುವವರೇ ಹೆಚ್ಚು. ತಪ್ಪು ಔಷಧಿಯದೇ ಆಗಿರಬೇಕೆಂದಿಲ್ಲ. ಮೈಮೇಲೆ ಕಾಣುವ ಬೆಳೆದ ಚಿಗಟಗಳು ಒಟ್ಟು ಹಾವಳಿಯ ಶೇ. 5ರಷ್ಟು ಮಾತ್ರ ಎಂಬುದು ಪಶುವೈದ್ಯ ಗ್ರಂಥಗಳು ಕೊಡುವ ಅಂದಾಜು. ಒಟ್ಟಿನಲ್ಲಿ ಅರ್ಧಕ್ಕರ್ಧ ಮೊಟ್ಟೆ, ಶೇ. 35ರಷ್ಟು ಮರಿಹುಳು, ಶೇ. 10ರಷ್ಟು ಗೂಡು ಕಟ್ಟಿಕೊಂಡ ಕೋಶಗಳು. ಇವು ಯಾವುವೂ ನಾಯಿಯ ಮೇಲೆ ಉಳಿಯುವುದಿಲ್ಲ. ಅದು ಮಲಗುವ ಗೋಣಿತಾಟಿನಲ್ಲಿ, ಸೋಫಾದ ಸಂದಿನಲ್ಲಿ, ಜಗಲಿಯ ಬಿರುಕಿನಲ್ಲಿ ಇರುತ್ತವೆ. ಆದ್ದರಿಂದ ಚಿಗಟ ನಿವಾರಣೆಯನ್ನು ನಾಯಿಯ ಕಾಯಿಲೆಯ ಚಿಕಿತ್ಸೆ ಎನ್ನುವುದಕ್ಕಿಂತ ನೆಲದ ಆರೈಕೆ ಎನ್ನುವುದು ಹೆಚ್ಚು ಸರಿ.

ಗುರುತು ಹಿಡಿಯುವುದು

ನಾಯಿಯ ಮೈಮೇಲಿನ ಹುಳುಗಳನ್ನೆಲ್ಲ ಉಣ್ಣೆ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವ ರೂಢಿ ಇದೆ. ಔಷಧಿ ಅಂಗಡಿಯಲ್ಲಿ ಅದು ಎಡವಟ್ಟಿಗೆ ಕಾರಣವಾಗುತ್ತದೆ. ಉಣ್ಣೆಗೆ ಎಂಟು ಕಾಲು. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಕಚ್ಚಿಕೊಂಡು ಅಲ್ಲಾಡದೆ ಕೂತು ಊದಿಕೊಳ್ಳುತ್ತದೆ. ಮಲೆನಾಡಿನ ಮಂಗನ ಕಾಯಿಲೆಯನ್ನು ಹರಡುವುದು ಕಾಡಿನ ಉಣ್ಣೆ, ಚಿಗಟವಲ್ಲ. ಹೇನು ಚಪ್ಪಟೆ, ನಿಧಾನ, ಕೂದಲಿಗೆ ಸೀರು ಅಂಟಿಸುತ್ತದೆ. ಚಿಗಟಕ್ಕೆ ಆರು ಕಾಲು. ಒಂದೂವರೆಯಿಂದ ಮೂರು ಮಿ.ಮೀ. ಉದ್ದ, ಕಂದುಗೆಂಪು ಬಣ್ಣ, ಎರಡೂ ಪಕ್ಕದಿಂದ ಒತ್ತಿದಂತಿರುವ ತೆಳು ಮೈ. ರೋಮಗಳ ನಡುವೆ ಸರಸರನೆ ನುಸುಳುತ್ತದೆ, ಬೆರಳಿಗೆ ಸಿಕ್ಕಿತು ಎನ್ನುವಷ್ಟರಲ್ಲಿ ಹಾರಿರುತ್ತದೆ. ಉಣ್ಣೆಗೆಂದು ಕೊಡುವ ಅಮಿಟ್ರಾಜ್ ಚಿಗಟದ ಮೇಲೆ ಕೆಲಸ ಮಾಡುವುದಿಲ್ಲ. ಯಾವ ಹುಳು ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು ಎನ್ನುವುದು ಇದಕ್ಕೇ.

ದಟ್ಟ ಕೂದಲಿನ ಪಾಮೆರೇನಿಯನ್‌ನಂಥ ನಾಯಿಯಲ್ಲಿ ಚಿಗಟವನ್ನು ಕಣ್ಣಾರೆ ನೋಡುವುದು ಕಷ್ಟ. ಮುಧೋಳ ತಳಿಯಂಥ ಗಿಡ್ಡ ಕೂದಲಿನ ನಾಯಿಯಲ್ಲಿ ಹೊಟ್ಟೆಯ ಕೆಳಗೆ, ತೊಡೆಸಂದಿಯಲ್ಲಿ ಸುಲಭವಾಗಿ ಕಾಣುತ್ತದೆ. ಹುಳು ಕಾಣದಿದ್ದರೂ ಅದರ ಹಿಕ್ಕೆ ಸಿಕ್ಕೇ ಸಿಗುತ್ತದೆ. ಒದ್ದೆ ಮಾಡಿ ಹಿಂಡಿದ ಬಿಳಿ ಪಂಚೆಯ ತುಂಡನ್ನು ಹಾಸಿ, ಅದರ ಮೇಲೆ ನಾಯಿಯನ್ನು ನಿಲ್ಲಿಸಿ, ಬಾಲದ ಬುಡದಿಂದ ಬೆನ್ನಿನ ಕಡೆಗೆ ಕೂದಲನ್ನು ಎದುರುಗಟ್ಟಿ ಹೇನಿನ ಬಾಚಣಿಗೆಯಿಂದ ಬಾಚಬೇಕು. ಬಟ್ಟೆಯ ಮೇಲೆ ಕರಿ ಚುಕ್ಕೆಗಳು ಉದುರುತ್ತವೆ. ಬರೀ ಮಣ್ಣಾದರೆ ಅದು ಮಣ್ಣಾಗಿಯೇ ಉಳಿಯುತ್ತದೆ. ಚಿಗಟದ ಹಿಕ್ಕೆಯಾದರೆ ಒಂದೆರಡು ನಿಮಿಷದಲ್ಲಿ ಪ್ರತಿ ಚುಕ್ಕೆಯ ಸುತ್ತ ಕಂದುಗೆಂಪು ವರ್ತುಲ ಹರಡಿಕೊಳ್ಳುತ್ತದೆ. ಅದು ಅರೆಬರೆ ಜೀರ್ಣವಾದ ನಾಯಿಯದೇ ರಕ್ತ. ಈ ಪರೀಕ್ಷೆಗೆ ಕಾಸಿನ ಖರ್ಚಿಲ್ಲ, ಇದರಷ್ಟು ನಂಬಿಕೆಯದು ಇನ್ನೊಂದಿಲ್ಲ.

ದೇಹ ಮತ್ತು ಜಿಗಿತ

ಚಿಗಟದ ದೇಹವನ್ನು ಓದುಬಲ್ಲ ಜನರೆಲ್ಲ ದೊಡ್ಡದಾಗಿ ಕಂಡದ್ದು 1665ರಲ್ಲಿ, ರಾಬರ್ಟ್ ಹುಕ್ ತನ್ನ ‘ಮೈಕ್ರೋಗ್ರಾಫಿಯ’ ಗ್ರಂಥದಲ್ಲಿ ಅದರ ಚಿತ್ರವನ್ನು ಮಡಚುಪುಟದಲ್ಲಿ ಅಚ್ಚು ಹಾಕಿಸಿದಾಗ. ಗಲ್ಲದ ಕೆಳಗೂ ಕತ್ತಿನ ಹಿಂದೆಯೂ ಇರುವ ಹಲ್ಲುಸಾಲುಗಳು, ಹಿಂದಕ್ಕೆ ಬಾಗಿದ ಮುಳ್ಳುಗಳು ಅದನ್ನು ರೋಮದೊಳಗೆ ಹಿಡಿದು ನಿಲ್ಲಿಸುತ್ತವೆ. ಗಟ್ಟಿ ಮೈಯಿಂದಾಗಿ ಬೆರಳಲ್ಲಿ ಹೊಸಕಿದರೂ ಸಾಯದು, ಉಗುರುಗಳ ನಡುವೆ ಕುಟ್ಟಬೇಕು. ಜಿಗಿತದ ಗುಟ್ಟು ಎದೆಭಾಗದಲ್ಲಿರುವ ರೆಸಿಲಿನ್ ಎಂಬ ಸ್ಥಿತಿಸ್ಥಾಪಕ ಪ್ರೋಟೀನಿನಲ್ಲಿದೆ. ಸ್ನಾಯು ನಿಧಾನವಾಗಿ ಅದನ್ನು ಅದುಮಿ ಶಕ್ತಿ ಕೂಡಿಟ್ಟು ಒಮ್ಮೆಗೇ ಬಿಡುತ್ತದೆ ಎಂಬುದನ್ನು 1967ರಲ್ಲಿ ಹೆನ್ರಿ ಬೆನೆಟ್-ಕ್ಲಾರ್ಕ್ ಮತ್ತು ಲ್ಯೂಸಿ ವಿವರಿಸಿದರು. ಆ ಶಕ್ತಿ ನೆಲಕ್ಕೆ ತಲುಪುವುದು ಕಾಲಿನ ಯಾವ ಭಾಗದಿಂದ ಎಂಬ ಜಗಳ 2011ರವರೆಗೆ ಮುಂದುವರಿದು, ಕೇಂಬ್ರಿಜ್‌ನ ಸಟನ್ ಮತ್ತು ಬರೋಸ್ ವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದು ಪಾದದ ತುದಿಯಿಂದ ಎಂದು ತೋರಿಸಿದರು. ನಾಯಿಚಿಗಟ ಬೆಕ್ಕಿನ ಚಿಗಟಕ್ಕಿಂತ ಎತ್ತರ ಹಾರುತ್ತದೆಂದು ಅಳೆದು ತೋರಿಸಿದ ಫ್ರಾನ್ಸಿನ ತುಲೂಸ್‌ನ ಪಶುವೈದ್ಯ ಸಂಶೋಧಕರಿಗೆ 2008ರ ಇಗ್ ನೊಬೆಲ್ ಬಂತು. ನಗುವ ಬಹುಮಾನವೇ ಇರಲಿ, ಎರಡರ ಸರಾಸರಿ ಎತ್ತರವೂ 13ರಿಂದ 15 ಸೆಂ.ಮೀ. ಆಸುಪಾಸು ಎಂಬ ಅಳತೆ ಉಪಯೋಗದ್ದು: ಮನುಷ್ಯರಿಗೆ ಚಿಗಟ ಕಚ್ಚುವುದು ಹೆಚ್ಚಾಗಿ ಮೊಣಕಾಲಿನ ಕೆಳಗೆ, ಹರಡಿನ ಸುತ್ತ. ಬೆನ್ನು, ಭುಜದ ಮೇಲೆ ರಾತ್ರಿ ಸಾಲುಸಾಲಾಗಿ ದದ್ದು ಎದ್ದರೆ ಸಂಶಯ ಪಡಬೇಕಾದ್ದು ತಿಗಣೆಯನ್ನು.

ಜೀವನಚಕ್ರ

ನಾಯಿಯ ಮೇಲೆ ಹಾರಿಕೊಂಡ ಚಿಗಟ ಕೆಲವೇ ನಿಮಿಷಗಳಲ್ಲಿ ರಕ್ತ ಕುಡಿಯಲು ತೊಡಗುತ್ತದೆ. ಹೆಣ್ಣು ಒಂದೆರಡು ದಿನಗಳಲ್ಲಿ ಮೊಟ್ಟೆ ಇಡಲಾರಂಭಿಸಿ, ಏರುಗಾಲದಲ್ಲಿ ದಿನಕ್ಕೆ 40ರಿಂದ 50 ಮೊಟ್ಟೆ ಇಡುತ್ತದೆ. ಅರ್ಧ ಮಿ.ಮೀ. ಉದ್ದದ, ನುಣುಪಾದ ಬಿಳಿ ಮೊಟ್ಟೆಗಳು ರೋಮಕ್ಕೆ ಅಂಟಿಕೊಳ್ಳುವುದಿಲ್ಲ. ನಾಯಿ ಎಲ್ಲಿ ಮಲಗುತ್ತದೋ, ಎಲ್ಲಿ ಕೆರೆದುಕೊಳ್ಳುತ್ತದೋ ಅಲ್ಲಿ ಉದುರುತ್ತವೆ. ಅವುಗಳ ಜೊತೆಗೇ ಒಣಗಿದ ರಕ್ತದ ಹಿಕ್ಕೆಯೂ ಉದುರುತ್ತದೆ. ಮರಿಹುಳುವಿನ ಮುಖ್ಯ ಆಹಾರ ಅದೇ. ತಾಯಿ ತನಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ರಕ್ತ ಕುಡಿದು ಹೊರಹಾಕುವುದರ ಅರ್ಥ ಇಲ್ಲಿ ತಿಳಿಯುತ್ತದೆ.

ಮರಿಹುಳುವಿಗೆ ಕಾಲಿಲ್ಲ, ಕಣ್ಣಿಲ್ಲ. ಬೆಳಕಿಗೆ ಬೆನ್ನು ಹಾಕಿ ಕೆಳಕೆಳಕ್ಕೆ ಸರಿಯುತ್ತದೆ: ಜಮಖಾನದ ಬುಡಕ್ಕೆ, ದಿವಾನದ ಅಡಿಗೆ, ಮರಳಿನ ಒಳಪದರಕ್ಕೆ. ಒಣಹವೆಯೇ ಅದರ ಶತ್ರು. ಗಾಳಿಯ ತೇವ ಶೇ. 50ಕ್ಕಿಂತ ಇಳಿದರೆ ಒಣಗಿ ಸಾಯುತ್ತದೆ, ಶಾಖ 35 ಡಿಗ್ರಿ ಸೆಲ್ಸಿಯಸ್ ದಾಟಿದರೂ ಉಳಿಯುವುದು ಕಷ್ಟ. ಎರಡು ಸಲ ಪೊರೆ ಬಿಟ್ಟು, ರೇಷ್ಮೆಯಂಥ ಅಂಟು ಎಳೆಯಿಂದ ಗೂಡು ನೇಯುತ್ತದೆ. ದೂಳು, ನೂಲು, ಮರಳಿನ ಕಣಗಳು ಅಂಟಿಕೊಂಡು ಗೂಡು ಕಣ್ಣಿಗೆ ಬೀಳದಂತಾಗುತ್ತದೆ. ಕೀಟನಾಶಕ ಸುಲಭವಾಗಿ ಒಳಗಿಳಿಯದ ಹಂತ ಇದೊಂದೇ.

ಒಳಗೆ ಚಿಗಟ ವಾರ-ಹತ್ತು ದಿನದಲ್ಲಿ ಸಿದ್ಧವಾದರೂ ಹೊರಬರಲೇಬೇಕೆಂದಿಲ್ಲ. ನೆಲದ ಅದುರು, ಮೈಯ ಬಿಸಿ, ಒತ್ತಡ, ಉಸಿರಿನ ಇಂಗಾಲದ ಡೈಆಕ್ಸೈಡ್, ಇವುಗಳಲ್ಲಿ ಒಂದು ಸೂಚನೆ ಸಿಗುವವರೆಗೆ ತಿಂಗಳುಗಟ್ಟಲೆ ಕಾಯಬಲ್ಲದು. ದಸರೆ ರಜೆಗೆ ಮನೆಗೆ ಬೀಗ ಹಾಕಿ ಹೋದವರು ಹಿಂದಿರುಗಿ ಬಾಗಿಲು ತೆರೆದು ಎರಡು ಹೆಜ್ಜೆ ಇಡುವುದರೊಳಗೆ ಬಿಳಿ ಕಾಲುಚೀಲದ ಮೇಲೆ ಕಪ್ಪು ಚುಕ್ಕೆಗಳು ಹತ್ತುವುದುಂಟು. ಮನೆ ಖಾಲಿಯಿದ್ದಾಗ ಎಲ್ಲಿಂದಲೋ ಬಂದವಲ್ಲ ಅವು. ಗೂಡಿನೊಳಗೆ ಕಾದಿದ್ದು ಕಾಲಿನ ಸಪ್ಪಳಕ್ಕೆ ಒಟ್ಟಿಗೇ ಎದ್ದವು. ಬಾಡಿಗೆಗೆ ಹೊಸದಾಗಿ ಬಂದವರಿಗೆ ಹಿಂದಿನವರ ನಾಯಿಯ ಚಿಗಟ ಬಳುವಳಿಯಾಗಿ ಸಿಗುವುದೂ ಹೀಗೆಯೇ. ಅನುಕೂಲವಾದ ಹವೆಯಲ್ಲಿ ಮೊಟ್ಟೆಯಿಂದ ಚಿಗಟದವರೆಗಿನ ಇಡೀ ಪಯಣಕ್ಕೆ ಮೂರು-ನಾಲ್ಕು ವಾರ ಸಾಕು.

ಹವೆ ಮತ್ತು ಮನೆ

ಚಿಗಟದ ಬಗ್ಗೆ ಇಂಗ್ಲಿಷಿನಲ್ಲಿರುವ ಸಲಹೆಗಳ ಬಹುಪಾಲು ಜಮಖಾನ ಗೋಡೆಯಿಂದ ಗೋಡೆಗೆ ಹಾಸಿದ, ಚಳಿಗಾಲದಲ್ಲಿ ಒಳಗೆ ಕಾಯಿಸುವ ಮನೆಗಳಿಗೆ ಬರೆದದ್ದು. ಅಮೆರಿಕ, ಬ್ರಿಟನ್‌ನಲ್ಲಿ ನಾಯಿ ಸಾಕಿದ ಕನ್ನಡಿಗರಿಗೆ ಅದು ಹಾಗೇ ಅನ್ವಯಿಸುತ್ತದೆ. ಕರ್ನಾಟಕದ ಮನೆಯಲ್ಲಿ ಲೆಕ್ಕ ಬೇರೆ. ದಿನಾ ಗುಡಿಸಿ ಒರೆಸುವ ರೆಡ್ ಆಕ್ಸೈಡ್, ಗ್ರಾನೈಟ್, ಟೈಲ್ಸ್ ನೆಲದ ನಡುವೆ ಮರಿಹುಳುವಿಗೆ ನೆಲೆಯಿಲ್ಲ. ಅದು ಅಂಚಿಗೆ ಸರಿಯುತ್ತದೆ: ಟೈಲ್ಸ್ ಸ್ಕರ್ಟಿಂಗಿನ ಸಂದು, ಕಾಲೊರಸು, ಚಪ್ಪಲಿ ಗೂಡಿನ ತಳ, ಮಂಚದ ಕೆಳಗೆ ತಿಂಗಳಿಗೊಮ್ಮೆ ಕೈಯಾಡುವ ಜಾಗ, ನಾಯಿಗೆಂದು ಬಿಟ್ಟ ಹಳೆ ಕಂಬಳಿ. ಮಣ್ಣಿನ ಗಾರೆಯ ಹಳೆಯ ಮನೆಗಳಲ್ಲಿ ಬಿರುಕುಗಳೇ ಸಾಕು. ಹೊರಗಡೆ ಇನ್ನೂ ಎರಡು ಜಾಗ ತಪ್ಪದೆ ನೋಡಬೇಕು. ಒಂದು, ಕಟ್ಟಡಕ್ಕೆ ತಂದು ಸುರಿದ ಮರಳಿನ ರಾಶಿ, ಬೀದಿನಾಯಿಗಳಿಗೆ ರಾತ್ರಿ ಅದೇ ಹಾಸಿಗೆ. ಇನ್ನೊಂದು, ಹಿತ್ತಿಲಿನ ಸೌದೆ, ತೆಂಗಿನ ಮಟ್ಟೆ ಒಟ್ಟಿದ ನೆರಳು.

ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆಗಾಲದ ತೇವವೂ ಇಪ್ಪತ್ತೈದರ ಆಸುಪಾಸಿನ ಶಾಖವೂ ಚಿಗಟಕ್ಕೆ ಹೇಳಿ ಮಾಡಿಸಿದ ಹವೆ. ಹಾಸಿದ್ದು ಒಣಗದ ಆ ತಿಂಗಳುಗಳಲ್ಲಿ ಹಾವಳಿ ಏರುತ್ತದೆ. ಬೆಂಗಳೂರು, ಮೈಸೂರುಗಳಲ್ಲಿ ಚಿಗಟವನ್ನು ಕೊಲ್ಲುವಷ್ಟು ಚಳಿಯೂ ಇಲ್ಲ, ಸೆಕೆಯೂ ಇಲ್ಲ, ಹಾಗಾಗಿ ವರ್ಷವಿಡೀ ಇರುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್-ಮೇ ಬಿಸಿಲಿನಲ್ಲಿ ಬಯಲಲ್ಲಿ ಬಿದ್ದ ಮರಿಹುಳು ಬದುಕುವುದಿಲ್ಲ. ಕೂಲರ್ ಇಟ್ಟು ತಂಪು-ತೇವ ಮಾಡಿಕೊಂಡ ಕೋಣೆಯಲ್ಲಿ ಬದುಕಿಕೊಳ್ಳುತ್ತದೆ.

ಕೇಡು

ಬಹಳ ನಾಯಿಗಳಿಗೆ ಚಿಗಟ ಬರೀ ಕಿರಿಕಿರಿ. ಕೆಲವಕ್ಕೆ ಅದರ ಜೊಲ್ಲು ಒಗ್ಗುವುದಿಲ್ಲ. ಆಗ ಬೆರಳೆಣಿಕೆಯಷ್ಟು ಕಡಿತ ಸಾಕು, ಬಾಲದ ಬುಡ, ಹಿಂದೊಡೆ, ಸೊಂಟದ ಮೇಲೆ ಕೂದಲುದುರಿ, ಕಚ್ಚಿ ಕಚ್ಚಿ ಹುಣ್ಣಾಗಿ, ಚರ್ಮ ದಪ್ಪಗಟ್ಟುತ್ತದೆ. ಇಂಥ ನಾಯಿಯ ಮೈಯಲ್ಲಿ ಒಂದೂ ಚಿಗಟ ಸಿಗದಿರಬಹುದು, ಎಲ್ಲವನ್ನೂ ಅದು ನೆಕ್ಕಿ ನುಂಗಿರುತ್ತದೆ. ಕಜ್ಜಿ ಎಂದು ತಿಳಿದು ತಿಂಗಳುಗಟ್ಟಲೆ ಮುಲಾಮು ಹಚ್ಚುವವರು ಬಾಲದ ಬುಡವನ್ನೊಮ್ಮೆ ನೋಡಬೇಕು. ನುಂಗಿದ ಚಿಗಟದೊಳಗೆ ಡಿಪಿಲಿಡಿಯಮ್ ಕೇನೈನಮ್ ಎಂಬ ಲಾಡಿಹುಳುವಿನ ಮರಿ ಇದ್ದರೆ ಅದು ನಾಯಿಯ ಕರುಳಿನಲ್ಲಿ ಬೆಳೆಯುತ್ತದೆ. ಗುದದ ಸುತ್ತ ಸೌತೆಬೀಜದಂಥ ತುಣುಕುಗಳು ಅಂಟಿಕೊಂಡು ಅಲುಗುತ್ತಿರುತ್ತವೆ. ನಾಯಿಯೊಡನೆ ನೆಲದಲ್ಲಿ ಆಡುವ ಪುಟ್ಟ ಮಕ್ಕಳಿಗೂ ಚಿಗಟ ಬಾಯಿಗೆ ಹೋಗಿ ಇದು ಬರುವುದುಂಟು. ಪ್ರಾಜಿಕ್ವಾಂಟಲ್ ಮಾತ್ರೆಗೆ ಹುಳು ಹೋಗುತ್ತದೆ. ಚಿಗಟ ಉಳಿದರೆ ಮತ್ತೆ ಬರುತ್ತದೆ. ಹಾಲು ಕುಡಿಯುವ ಮರಿಗಳ ವಿಷಯ ಮಾತ್ರ ತಮಾಷೆಯಲ್ಲ: ನೂರಾರು ಚಿಗಟ ಹತ್ತಿದರೆ ರಕ್ತ ಸೋರಿ ಒಸಡು ಬಿಳುಚಿ ಸಾಯಬಹುದು.

ನಾಯಿಯ ಚಿಕಿತ್ಸೆ

ಮೊದಲ ಹತ್ಯಾರು ಬಾಚಣಿಗೆ. ಬಾಚಿದ್ದನ್ನು ಸೋಪಿನ ನೀರಿನ ಬಟ್ಟಲಿಗೆ ಅದ್ದಬೇಕು, ಬರೀ ನೀರಿನಲ್ಲಿ ಚಿಗಟ ತೇಲಿ ಮತ್ತೆ ಹಾರುತ್ತದೆ. ಸ್ನಾನಕ್ಕೂ ಮಾಮೂಲಿ ನಾಯಿ ಶಾಂಪೂ ಸಾಕು, ಮೊದಲು ಕತ್ತಿನ ಸುತ್ತ ನೊರೆ ಕಟ್ಟಬೇಕು. ಇಲ್ಲದಿದ್ದರೆ ಎಲ್ಲವೂ ಕಿವಿ, ಮುಖದ ಕಡೆಗೆ ಓಡುತ್ತವೆ. ಆದರೆ ಸ್ನಾನ ಆ ಹೊತ್ತಿನ ಚಿಗಟವನ್ನಷ್ಟೇ ತೆಗೆಯುತ್ತದೆ, ಮರುದಿನ ನೆಲದಿಂದ ಹಾರುವುದನ್ನು ತಡೆಯುವುದಿಲ್ಲ.

ತಡೆಯುವ ಔಷಧಿಗಳು ಎರಡು ಬಗೆ. ಕತ್ತಿನ ಹಿಂದೆ, ಭುಜಗಳ ನಡುವೆ ಚರ್ಮಕ್ಕೆ ಹನಿ ಬಿಡುವ ಫಿಪ್ರೊನಿಲ್, ಇಮಿಡಾಕ್ಲೊಪ್ರಿಡ್ 1990ರ ದಶಕದಲ್ಲಿ ಬಂದವು. ಒಂದು ಹನಿಗಟ್ಟು ಸುಮಾರು ಒಂದು ತಿಂಗಳು ಕೆಲಸ ಮಾಡುತ್ತದೆ. ಕೂದಲ ಮೇಲೆ ಸುರಿಯದೆ ಬೈತಲೆ ತೆಗೆದು ಚರ್ಮಕ್ಕೆ ಬಿಡಬೇಕು, ಹಿಂದುಮುಂದಿನ ಎರಡು ದಿನ ಸ್ನಾನ ಕೂಡದು. ಔಷಧಿ ಹತ್ತಲಿಲ್ಲ ಎಂಬ ದೂರುಗಳಲ್ಲಿ ಎಷ್ಟೋ ಈ ಎರಡು ತಪ್ಪಿನಿಂದಾದವು. ಇತ್ತೀಚಿನವು ಐಸಾಕ್ಸಜೊಲಿನ್ ಗುಂಪಿನ ಅಗಿಯುವ ಮಾತ್ರೆಗಳು: ಅಫಾಕ್ಸೊಲನರ್, ಸರೊಲನರ್ ತಿಂಗಳಿಗೊಂದು, ಫ್ಲುರಾಲನರ್ ಸುಮಾರು ಮೂರು ತಿಂಗಳಿಗೊಂದು. ಇವು ಉಣ್ಣೆಗೂ ಆಗುತ್ತವೆ. ಬೆಲೆ ಹೆಚ್ಚೆನಿಸಿದರೂ, ಉಣ್ಣೆಜ್ವರಕ್ಕೆ ಗ್ಲೂಕೋಸ್ ಹಾಕಿಸಿದವರಿಗೆ ಲೆಕ್ಕ ಬೇಗ ತಿಳಿಯುತ್ತದೆ. ಫಿಟ್ಸ್ ಬರುವ ನಾಯಿಗೆ ಎಚ್ಚರ ಬೇಕೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ತಿಳಿಸಿತು. ಪಶುವೈದ್ಯರಿಗೆ ಆ ಇತಿಹಾಸವನ್ನು ಮೊದಲೇ ಹೇಳಬೇಕು. ಮಾತ್ರೆಯನ್ನು ನಾಯಿಯ ತೂಕ ನೋಡಿ ಕೊಡುತ್ತಾರೆ. ದೊಡ್ಡ ನಾಯಿಯ ಮಾತ್ರೆಯನ್ನು ತುಂಡು ಮಾಡಿ ಮರಿಗಳಿಗೆ ಹಂಚುವುದು ಉಳಿತಾಯವಲ್ಲ. ಎಂಟು ವಾರ ತುಂಬದ ಮರಿಗೆ ಬಹುಪಾಲು ಔಷಧಿ ನಿಷಿದ್ಧ, ಅಲ್ಲಿ ಬಾಚಣಿಗೆಯೇ ಗತಿ. ಮನೆಯಲ್ಲಿ ಬೆಕ್ಕೂ ಇದ್ದರೆ ಅದಕ್ಕೂ ಚಿಕಿತ್ಸೆ ಆಗಲೇಬೇಕು, ಆದರೆ ಬೆಕ್ಕಿನದೇ ಔಷಧಿಯಿಂದ. ಪರ್ಮೆಥ್ರಿನ್ ಇರುವ ನಾಯಿ ಔಷಧಿ ಬೆಕ್ಕಿಗೆ ಮೈನಡುಕ ತಂದು ಕೊಲ್ಲಬಲ್ಲದು, ಅದರ ಯಕೃತ್ತು ಅದನ್ನು ಕರಗಿಸಲಾರದು.

ಮನೆಯ ಕೆಲಸ

ನಾಯಿಗೆ ಔಷಧಿ ಕೊಟ್ಟ ದಿನವೇ ಮನೆಯ ಕೆಲಸವೂ ಶುರುವಾಗಬೇಕು. ನಾಯಿ ಮಲಗುವ ಬಟ್ಟೆಯನ್ನು ನಾಲ್ಕೂ ಮೂಲೆ ಮಡಚಿ ಗಂಟು ಕಟ್ಟಿಯೇ ಎತ್ತಬೇಕು; ಕೊಡವಿದರೆ ಮೊಟ್ಟೆ ಮನೆಯೆಲ್ಲ ಹರಡುತ್ತದೆ. 60 ಡಿಗ್ರಿಯ ಬಿಸಿನೀರಲ್ಲಿ ಒಗೆದು ಉರಿಬಿಸಿಲಿಗೆ ಹಾಕಿದರೆ ಎಲ್ಲ ಹಂತಗಳೂ ಸಾಯುತ್ತವೆ. ವಾರಕ್ಕೊಮ್ಮೆ ಇದನ್ನು ಬಿಡದೆ ಮಾಡಿದವರಿಗೆ ಸಿಂಪಡಣೆಯೇ ಬೇಕಾಗದಿರಬಹುದು. ಗೋಣಿತಾಟನ್ನು ಒಗೆಯುವುದಕ್ಕಿಂತ ಸುಡುವುದು ಲೇಸು.

ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಅದರ ಬ್ರಷ್ಷು, ಗಾಳಿಯ ಹೊಡೆತದಲ್ಲೇ ಬೆಳೆದ ಚಿಗಟಗಳ ಶೇ. 96 ಸಾಯುತ್ತವೆಂದು ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರು 2007ರಲ್ಲಿ ವರದಿ ಮಾಡಿದರು. ಅದುರಿಗೆ ಗೂಡಿನ ಚಿಗಟಗಳು ಎದ್ದು ಹೊರಬರುವುದು ಇನ್ನೊಂದು ಲಾಭ. ಹೊರಬಂದದ್ದನ್ನು ಔಷಧಿ ಪಡೆದ ನಾಯಿ ತಾನೇ ಹೊತ್ತು ಕೊಲ್ಲುತ್ತದೆ. ಇದೇ ಕಾರಣಕ್ಕೆ ನಾಯಿಯನ್ನು ಆ ದಿನಗಳಲ್ಲಿ ನೆಂಟರ ಮನೆಗೆ ಕಳಿಸಬಾರದು. ಯಂತ್ರವಿಲ್ಲದ ಮನೆಯಲ್ಲಿ ಕಸಬರಿಗೆಯಿಂದ ಅಂಚು, ಸಂದುಗಳನ್ನು ಗುಡಿಸಿ, ಬಂದ ದೂಳನ್ನು ಸೋಪಿನ ನೀರಿಗೆ ಹಾಕಿ, ನೆಲವನ್ನು ಬಿಸಿನೀರಲ್ಲಿ ಒರೆಸಬೇಕು. ಬಿರುಕುಗಳಿಗೆ ಸಿಮೆಂಟು ತುಂಬುವುದು ಒಂದು ಸಲದ ಕೆಲಸ, ವರ್ಷಗಳ ಲಾಭ. ಎಷ್ಟು ಉಳಿದಿವೆ ಎಂದು ನೋಡಲು ರಾತ್ರಿ ನೆಲದ ಮೇಲೆ ಅಗಲ ತಟ್ಟೆಯಲ್ಲಿ ಸೋಪಿನ ನೀರಿಟ್ಟು ಮೇಲೆ ಸಣ್ಣ ದೀಪ ಉರಿಸಿದರೆ, ಬೆಳಗ್ಗೆ ಮುಳುಗಿದವನ್ನು ಎಣಿಸಬಹುದು. ಇದು ಅಳತೆಗೆ ಮಾತ್ರ, ಇದರಿಂದ ಮನೆ ಶುಚಿಯಾಗುವುದಿಲ್ಲ.

ಸಿಂಪಡಣೆ ಬೇಕೇ ಬೇಕಾದರೆ, ಬೆಳೆದವನ್ನು ಕೊಲ್ಲುವ ಔಷಧಿಯ ಜೊತೆ ಮೆಥೊಪ್ರೀನ್ ಅಥವಾ ಪೈರಿಪ್ರಾಕ್ಸಿಫೆನ್ ಇರುವುದನ್ನು ಕೇಳಬೇಕು. ಇವು ಕೀಟದ ಬೆಳವಣಿಗೆಯ ಹಾರ್ಮೋನನ್ನು ಅನುಕರಿಸಿ, ಮೊಟ್ಟೆ ಒಡೆಯದಂತೆ, ಮರಿಹುಳು ಚಿಗಟವಾಗದಂತೆ ತಡೆಯುತ್ತವೆ. ನಡುಮನೆಗೆ ಹೊಡೆದು ಹೋಗುವವರನ್ನು ಮಂಚದ ಕೆಳಗೆ, ಸೋಫಾದ ತಳಕ್ಕೆ ಕರೆದೊಯ್ಯಬೇಕು. ಒಣಗುವವರೆಗೆ ಮಕ್ಕಳು, ನಾಯಿ, ಬೆಕ್ಕು ಹೊರಗಿರಬೇಕು. ಮೀನಿನ ತೊಟ್ಟಿಯನ್ನು ಮುಚ್ಚಿ ಗಾಳಿ ಊದುವ ಯಂತ್ರವನ್ನು ನಿಲ್ಲಿಸಬೇಕು, ಪೈರಿತ್ರಾಯ್ಡ್ ಗುಂಪಿನ ಕೀಟನಾಶಕಗಳು ಮೀನಿಗೆ ಕಡು ವಿಷ.

ಎಲ್ಲವನ್ನೂ ಸರಿಯಾಗಿ ಮಾಡಿದರೂ ಎರಡನೆಯ, ಮೂರನೆಯ ವಾರ ಚಿಗಟ ಮತ್ತೆ ಕಾಣುತ್ತದೆ. ಅವು ಚಿಕಿತ್ಸೆಗೆ ಮೊದಲೇ ಗೂಡು ಸೇರಿದ್ದವು. ಎಷ್ಟೋ ಜನ ಔಷಧಿ ಬದಲಿಸುವುದು, ಡೋಸು ಏರಿಸುವುದು, ಕೈಚೆಲ್ಲುವುದು ಈ ಹೊತ್ತಿನಲ್ಲೇ. ಹಳೆಯ ಗೂಡುಗಳೆಲ್ಲ ಬರಿದಾಗುವವರೆಗೆ, ಅಂದರೆ ಕನಿಷ್ಠ ಮೂರು ತಿಂಗಳು, ಮನೆಯ ಎಲ್ಲ ಪ್ರಾಣಿಗಳಿಗೂ ಔಷಧಿ ತಪ್ಪದೆ ನಡೆಯಬೇಕು.

ಮನೆಮದ್ದು ಮತ್ತು ವಿಷ

ಬೇವಿನ ಅಜಾಡಿರಾಕ್ಟಿನ್ ಕೀಟಗಳ ಪೊರೆ ಬಿಡುವಿಕೆಯನ್ನು ಕೆಡಿಸುತ್ತದೆ ಎಂಬುದು ನಿಜ. ಎಲೆ ಕುದಿಸಿದ ನೀರಲ್ಲಿ ಅದು ಸಾಕಷ್ಟು ಇಳಿಯುತ್ತದೆಂದು ನಂಬಿ ಕೂರುವುದು ಬೇರೆ ಮಾತು. ಲಕ್ಕಿಸೊಪ್ಪು, ಬಜೆಗಳ ಹೊಗೆ, ವಾಸನೆಗೆ ಬೆಳೆದ ಚಿಗಟ ಸರಿಯಬಹುದು, ಗೂಡಿನದು ಅಲ್ಲಾಡುವುದಿಲ್ಲ. ಸೀತಾಫಲದ ಬೀಜದ ಪುಡಿ ಹೇನಿಗೆ ಹೆಸರಾದದ್ದು, ಕಣ್ಣಿಗೆ ಬಿದ್ದರೆ ಕಾರ್ನಿಯ ಸುಡುತ್ತದೆ. ಬೆಳ್ಳುಳ್ಳಿ ತಿನ್ನಿಸಿದರೆ ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ. ಸೀಮೆಎಣ್ಣೆ ಹಚ್ಚಿದರೆ ಚರ್ಮ ಬೇಯುತ್ತದೆ, ನೆಕ್ಕಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಒಂದು ಕಾಲಕ್ಕೆ ಮನೆಮನೆಯಲ್ಲಿದ್ದ ಗ್ಯಾಮಾಕ್ಸಿನ್ ಪುಡಿ, ಅಂದರೆ ಬಿ.ಎಚ್.ಸಿ., ಭಾರತದಲ್ಲಿ 1997ರಲ್ಲೇ ನಿಷೇಧವಾಯಿತು; ಅಟ್ಟದಲ್ಲಿ ಹಳೆಯ ಡಬ್ಬಿ ಉಳಿದಿದ್ದರೆ ನಾಯಿಗೆ ಉದುರಿಸುವುದಕ್ಕಲ್ಲ. ದನದ ಉಣ್ಣೆಗೆಂದು ತಂದ ಡೆಲ್ಟಾಮೆಥ್ರಿನ್ ದ್ರಾವಣವನ್ನು ಅಂದಾಜಿನಲ್ಲಿ ಬೆರೆಸಿ ನಾಯಿಗೆ ಎರೆಯುವುದು ಹಳ್ಳಿಗಳಲ್ಲಿ ಇಂದಿಗೂ ಇದೆ. ಜೊಲ್ಲು ಸುರಿಸಿ ನಡುಗುತ್ತ ಪಶು ಆಸ್ಪತ್ರೆಗೆ ಬರುವ ನಾಯಿಗಳಲ್ಲಿ ಇಂಥವೂ ಇರುತ್ತವೆ. ಶಬ್ದದಿಂದ ಚಿಗಟ ಓಡಿಸುವ ಪಟ್ಟಿಗಳಿಂದ ಓಡುವುದು ಕಾಸು ಮಾತ್ರ.

ಹೊರಗಿನ ಮೂಲಗಳು

ನಾಯಿಯಿಲ್ಲದ ಮನೆಯಲ್ಲಿ ಚಿಗಟ ಕಂಡರೆ ಹೆಂಚಿನ ಕೆಳಗೆ ಮರಿ ಹಾಕಿದ ಬೆಕ್ಕು, ಮೋರಿಯ ಹೆಗ್ಗಣ, ಹಿಂಬದಿಯ ಆಡಿನ ಕೊಟ್ಟಿಗೆಗಳನ್ನು ಹುಡುಕಬೇಕು. ಇಲಿಚಿಗಟದ (ಝೆನೊಪ್ಸಿಲ್ಲ ಕಿಯೋಪಿಸ್) ಕಥೆ ಬೇರೆಯೇ. ಪ್ಲೇಗನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಚಿಗಟವೆಂದು ಫ್ರೆಂಚ್ ವೈದ್ಯ ಪಾಲ್-ಲೂಯಿ ಸಿಮೊಂ 1898ರಲ್ಲಿ ಕರಾಚಿಯಲ್ಲಿ ಕಂಡುಕೊಂಡ. ಬೆಂಗಳೂರಿಗೆ ಪ್ಲೇಗ್ ಬಂದದ್ದೂ ಅದೇ ವರ್ಷ. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ಇಲಿ ಬಿತ್ತೆಂದರೆ ಊರು ಬಿಡುತ್ತಿದ್ದ ಆ ಕಾಲದ ಜನಕ್ಕೆ ಚಿಗಟದ ಪಾತ್ರ ಗೊತ್ತಿರಲಿಲ್ಲ, ಆದರೆ ಸತ್ತ ಇಲಿ ತಣ್ಣಗಾದಾಗ ಚಿಗಟ ಬಿಸಿರಕ್ತ ಹುಡುಕಿ ಹೊರಡುತ್ತದಾದ್ದರಿಂದ ಅವರು ಮಾಡಿದ್ದು ಸರಿಯೇ ಆಗಿತ್ತು. ಇಂದಿಗೂ ಒಂದೇ ಕಡೆ ಕಾರಣವಿಲ್ಲದೆ ಹಲವು ಇಲಿಗಳು ಸತ್ತು ಬಿದ್ದಿದ್ದರೆ ಬರಿಗೈಯಲ್ಲಿ ಮುಟ್ಟದೆ, ನಾಯಿಯನ್ನು ಅತ್ತ ಬಿಡದೆ, ಆರೋಗ್ಯ ಇಲಾಖೆಗೆ ತಿಳಿಸಬೇಕು.